ಮಗುವಿಗೆ ಕನ್ನಡ ಬರುವುದಿಲ್ಲ, ತಪ್ಪು ಯಾರದು?

ಕೆಲವು ವರ್ಷಗಳ ಹಿಂದೆ ಒಂದು ತಾಲೂಕು ಕೇಂದ್ರದಲ್ಲಿ ಉರ್ದು ಶಾಲೆಗಳ ಕನ್ನಡ ಶಿಕ್ಷಕರಿಗೆ ತರಬೇತಿ ನಡೆಯಿತು. ನಮ್ಮನ್ನೂ ‘ಸಂಪನ್ಮೂಲ ವ್ಯಕ್ತಿ’ ಎಂದು ಕರೆದಿದ್ದರು. ಉರ್ದು ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಕಥೆ ಬರೆಯುವವರು ಎಂಬ ಕಾರಣಕ್ಕೆ ಸಿಕ್ಕಿದ ಗೌರವ ಅದು. ನಾವು ಹೋದೆವು. ಕನ್ನಡ ಸಾಹಿತ್ಯದಲ್ಲಿ ಮುಸ್ಲಿಂ ಬದುಕು ಎಂಬ ವಿಷಯದ ಮೇಲೆ ಒಂದು ಗಂಟೆ ಮಾತನಾಡಿದೆವು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಕವರು ಕೊಟ್ಟರು.

ಚಹಾದ ಹೊತ್ತಿನಲ್ಲಿ ಒಬ್ಬ ಯುವ ಶಿಕ್ಷಕಿ ಹತ್ತಿರ ಬಂದರು. ಕನ್ನಡ ಮನೆಮಾತಿನವರು, ಉರ್ದು ಶಾಲೆಗೆ ನೇಮಕಗೊಂಡವರು. “ಸರ್, ನನ್ನ ಕ್ಲಾಸಿನ ಒಬ್ಬ ಹುಡುಗ ‘ಗೋಡೆ ಬಿದ್ದಳು’ ಅಂತ ಬರೀತಾನೆ. ಹತ್ತು ಸಲ ತಿದ್ದಿದೆ. ಹನ್ನೊಂದನೇ ಸಲವೂ ಬಿದ್ದಳು ಅಂತಲೇ ಬರೆದ. ಏನು ಮಾಡ್ಲಿ?” ಎಂದು ಕೇಳಿದರು. ಸುತ್ತ ನಿಂತಿದ್ದವರು ನಕ್ಕರು. ನಾವೂ ನಕ್ಕೆವು. ಚಹಾ ಮುಗಿಯಿತು, ಗಂಟೆ ಹೊಡೆಯಿತು, ಮುಂದಿನ ಉಪನ್ಯಾಸಕ್ಕೆ ಎಲ್ಲರೂ ಒಳಗೆ ಹೋದರು. ಅವರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಐದು ದಿನಗಳ ಆ ತರಬೇತಿಯಲ್ಲಿ ನಿಜವಾದ ಪ್ರಶ್ನೆ ಇದ್ದದ್ದು ಅದೊಂದೇ ಎಂದು ನಮಗೆ ಮನೆಗೆ ಬಂದ ಮೇಲೆ ಹೊಳೆಯಿತು. ಅದಕ್ಕೆ ಉತ್ತರ ಸಿಗಬೇಕಾಗಿದ್ದ ಜಾಗದಲ್ಲಿ ನಮ್ಮ ಭಾಷಣ ಇತ್ತು.

ಈ ನಾಡಿನಲ್ಲಿ ಮುಸ್ಲಿಮರ ಕನ್ನಡದ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯವಿದೆ. ಸಿನಿಮಾದಲ್ಲಿ ಸಾಬಣ್ಣನ ಪಾತ್ರ ಬಾಯಿ ತೆರೆದರೆ ‘ನಮ್ದುಕೆ ನಿಮ್ದುಕೆ’ ಎಂದು ಶುರುವಾಗಬೇಕು, ಪ್ರೇಕ್ಷಕರು ನಗಬೇಕು. ವೇದಿಕೆಯ ಮೇಲೆ ಕೆಲವರು ‘ಇಲ್ಲಿನ ಅನ್ನ ತಿಂದು ಇಲ್ಲಿನ ಭಾಷೆ ಕಲಿಯದವರು’ ಎಂದು ಗುಡುಗುತ್ತಾರೆ. ನಮ್ಮವರು ಅದಕ್ಕೆ ಉತ್ತರವಾಗಿ ನಿಸಾರ್ ಅಹಮದ್, ಸಾರಾ ಅಬೂಬಕ್ಕರ್, ಬೊಳುವಾರು, ಕಟ್ಪಾಡಿ, ರಹಮತ್ ತರೀಕೆರೆ ಎಂದು ಹೆಸರುಗಳ ಪಟ್ಟಿ ಓದುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಈ ಪಟ್ಟಿಗೆ ಇನ್ನೊಂದು ಕಿರೀಟ ಸಿಕ್ಕಿದೆ. ನಮಗೂ ಹೆಮ್ಮೆಯೇ. ಆದರೆ ಪಟ್ಟಿ ಓದುವುದರಿಂದ ‘ಗೋಡೆ ಬಿದ್ದಳು’ ಎಂದು ಬರೆದ ಹುಡುಗನಿಗೆ ಏನು ಸಿಕ್ಕಿತು? ಬಾನು ಮುಷ್ತಾಕ್ ಎಂಟನೇ ವಯಸ್ಸಿನಲ್ಲಿ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಶಿವಮೊಗ್ಗದ ಶಾಲೆಗೆ ಸೇರಿದವರು. ಅವರು ಗೆದ್ದರು. ಇಂಥ ಷರತ್ತಿನಲ್ಲಿ ಎಲ್ಲ ಮಕ್ಕಳೂ ಗೆಲ್ಲಲಾರರು. ಗೆದ್ದವರ ಹೆಸರನ್ನು ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಸೋತವರ ಹೆಸರು ಹಾಜರಿ ಪುಸ್ತಕದಿಂದಲೂ ಅಳಿಸಿಹೋಗುತ್ತದೆ. ಅಸಾಧಾರಣ ಮಗು ಯಾವ ಶಾಲೆಯಲ್ಲಾದರೂ ಕಲಿಯುತ್ತದೆ. ಶಾಲೆ, ಶಿಕ್ಷಕ, ತರಬೇತಿ ಇವೆಲ್ಲ ಇರುವುದು ಸಾಧಾರಣ ಮಗುವಿಗಾಗಿ.

ಆದ್ದರಿಂದ ನಮ್ಮ ವಾದ ನೇರವಾದದ್ದು. ಉರ್ದು ಶಾಲೆಯ ಮಗುವಿಗೆ ಕನ್ನಡ ಬರದಿದ್ದರೆ ಮೊದಲ ತಪ್ಪು ಮಗುವಿನದ್ದಲ್ಲ, ಅದರ ಸಮುದಾಯದ್ದಲ್ಲ, ಅದರ ಶಿಕ್ಷಕಿಯದ್ದೂ ಅಲ್ಲ. ಮನೆಯಲ್ಲಿ ಕನ್ನಡ ಆಡದ ಮಗುವಿಗೆ ಕನ್ನಡ ಕಲಿಸುವುದು ಹೇಗೆ ಎಂಬುದನ್ನು ಆ ಶಿಕ್ಷಕಿಗೆ ಯಾರೂ ಸರಿಯಾಗಿ ಕಲಿಸಲಿಲ್ಲ. ಕಲಿಸಬೇಕಾದವರು ತರಬೇತಿ ಎಂಬ ಹೆಸರಿನಲ್ಲಿ ಬೇರೇನನ್ನೋ ಮಾಡುತ್ತಾ ಬಂದರು.

ಕನ್ನಡ ಮನೆಮಾತಿನ ಮಗು ಒಂದನೇ ತರಗತಿಗೆ ಬರುವಾಗ ಭಾಷೆಯನ್ನು ಹೊತ್ತುಕೊಂಡೇ ಬರುತ್ತದೆ. ಅದಕ್ಕೆ ಶಾಲೆ ಕಲಿಸಬೇಕಾದ್ದು ಅಕ್ಷರ. ‘ಅರಸ’ ಎಂದು ಓದಿದರೆ ಅದಕ್ಕೆ ಅರ್ಥ ಗೊತ್ತು. ಉರ್ದು ಮನೆಮಾತಿನ ಮಗುವಿಗೆ ಅದೇ ‘ಅರಸ’ ಮೂರು ಚಿತ್ರಗಳು ಮಾತ್ರ. ಅದಕ್ಕೆ ಮೊದಲು ಮಾತು ಬೇಕು, ಆಮೇಲೆ ಅಕ್ಷರ. ಎರಡೂ ಬೇರೆ ಬೇರೆ ಕೆಲಸಗಳು, ಬೇರೆ ಬೇರೆ ವಿದ್ಯೆಗಳು. ಒಂದನ್ನು ಕಲಿತವರಿಗೆ ಇನ್ನೊಂದು ತಾನಾಗಿ ಬರುವುದಿಲ್ಲ. ನಮ್ಮ ಶಿಕ್ಷಕರಲ್ಲಿ ಹೆಚ್ಚಿನವರು ಕಲಿತದ್ದು ಮೊದಲನೆಯದನ್ನು, ಅವರಿಗೆ ಒಪ್ಪಿಸಿದ್ದು ಎರಡನೆಯದನ್ನು. ಮೂಳೆ ವೈದ್ಯರನ್ನು ಕರೆದು ಕಣ್ಣಿನ ಆಪರೇಷನ್ ಮಾಡಿ ಎಂದ ಹಾಗೆ.

ಈ ವಿದ್ಯೆ ನಮ್ಮಲ್ಲಿ ಇರಲಿಲ್ಲವೇ? ಇತ್ತು, ನಮ್ಮ ಕಾಲ ಬುಡದಲ್ಲೇ ಇತ್ತು. 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಸ್ಥಾಪನೆಯಾಯಿತು. ಅದರ ದಕ್ಷಿಣ ವಲಯ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳಿಂದ ಬಂದ ಶಿಕ್ಷಕರಿಗೆ ಹತ್ತು ತಿಂಗಳು ಕನ್ನಡ ಕಲಿಸುತ್ತಾರೆ. ಕನ್ನಡದ ಗಂಧವೇ ಇಲ್ಲದ ವಯಸ್ಕರಿಗೆ ಧ್ವನಿ, ಪದ, ವಾಕ್ಯ, ಸಂಭಾಷಣೆ ಎಂದು ಹಂತಹಂತವಾಗಿ ಕನ್ನಡ ಕಲಿಸುವ ಅನುಭವ ಅಲ್ಲಿ ಐದು ದಶಕಗಳಿಂದ ಕೂಡಿಬಿದ್ದಿದೆ. ಬೇರೆ ರಾಜ್ಯದ ಶಿಕ್ಷಕರಿಗೆ ಸಿಗುವ ಈ ಶಾಸ್ತ್ರ, ಮೈಸೂರಿನದೇ ಉರ್ದು ಮೊಹಲ್ಲಾದ ಶಾಲೆಗೆ ಏಕೆ ತಲುಪಬಾರದು?

ಇನ್ನೊಂದು ಉದಾಹರಣೆ ಬೆಂಗಳೂರಿನದು. ಅಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಇಂಗ್ಲಿಷ್ ಶಿಕ್ಷಕರಿಗೆ ಬೋಧನಾ ವಿಧಾನ ಹೇಳಿಕೊಡಲೆಂದೇ ಇರುವ ಸಂಸ್ಥೆ ಅದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಭಾಷಾ ಬೋಧನೆಯ ಲೋಕದಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ವ್ಯಾಕರಣದ ಸೂತ್ರ ಹೇಳಿ ಬಾಯಿಪಾಠ ಮಾಡಿಸುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟು, ಯೋಚಿಸಿ ಬಿಡಿಸಬೇಕಾದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳುತ್ತಾ ಹೋದರು. ಮಗುವಿನ ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ಒಳಗೊಳಗೇ ಮೊಳೆಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಪ್ರಭು ಅದನ್ನು ಪುಸ್ತಕವಾಗಿ ಬರೆದರು, ಜಗತ್ತಿನ ಎಷ್ಟೋ ದೇಶಗಳಲ್ಲಿ ಭಾಷಾ ಶಿಕ್ಷಕರು ಅದನ್ನು ಓದುತ್ತಾರೆ. ಬೆಂಗಳೂರಿನ ಹೆಸರು ಹೊತ್ತ ಈ ವಿಚಾರ ಬೆಂಗಳೂರಿನ ಉರ್ದು ಶಾಲೆಯ ಕನ್ನಡ ತರಗತಿಯೊಳಗೆ ಕಾಲಿಟ್ಟದ್ದನ್ನು ನಾವಂತೂ ಕಾಣೆವು. ಎರಡನೆಯ ಭಾಷೆಯಾಗಿ ಇಂಗ್ಲಿಷ್ ಕಲಿಸಲು ಶಾಸ್ತ್ರ ಬೇಕು, ಎರಡನೆಯ ಭಾಷೆಯಾಗಿ ಕನ್ನಡ ಕಲಿಸಲು ಅಭಿಮಾನ ಸಾಕು. ಇದು ನಮ್ಮ ನಾಡಿನ ಅಲಿಖಿತ ನೀತಿ.

ಅಭಿಮಾನದ ಕೊರತೆ ನಮ್ಮಲ್ಲಿ ಎಂದೂ ಇರಲಿಲ್ಲ. ಗೋಕಾಕ್ ವರದಿಯ ಕಾಲದ ಚಳವಳಿಯಿಂದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದವರೆಗೆ ಕನ್ನಡವನ್ನು ಕಡ್ಡಾಯ ಮಾಡುವ ಬಗ್ಗೆ ನಾವು ಬೇಕಾದಷ್ಟು ಚರ್ಚಿಸಿದ್ದೇವೆ. ಆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೆಯ ಭಾಷೆಯಾಗಿ ಇರಲೇಬೇಕು. ಇರಲಿ, ಅದಕ್ಕೆ ನಮ್ಮ ವಿರೋಧವಿಲ್ಲ. ಕನ್ನಡ ಬರದ ಹುಡುಗನಿಗೆ ತಾಲೂಕು ಕಚೇರಿಯೂ ಪರದೇಶ, ಪೊಲೀಸ್ ಠಾಣೆಯೂ ಪರದೇಶ. ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆಯ ಬಾಗಿಲು ಅವನಿಗೆ ತೆರೆಯುವುದಿಲ್ಲ. ಆದರೆ ಕಡ್ಡಾಯ ಎಂಬ ಪದ ಪಾಠ ಮಾಡುವುದಿಲ್ಲ, ಪಾಠ ಮಾಡುವುದು ಶಿಕ್ಷಕಿ. ಕಡ್ಡಾಯದ ಬಗ್ಗೆ ನಡೆದ ಚರ್ಚೆಯ ನೂರರಲ್ಲಿ ಒಂದು ಪಾಲಾದರೂ ‘ಹೇಗೆ ಕಲಿಸುವುದು’ ಎಂಬುದರ ಬಗ್ಗೆ ನಡೆಯಿತೇ?

ತರಬೇತಿ ನಡೆಯುತ್ತಿಲ್ಲವೇ ಎಂದು ಅಧಿಕಾರಿಗಳು ಕೇಳಬಹುದು. ನಡೆಯುತ್ತಿದೆ, ಬೇಕಾದಷ್ಟು ನಡೆಯುತ್ತಿದೆ. 1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗಳಲ್ಲಿ ಡಯಟ್‌ಗಳು ಬಂದವು. ಆಮೇಲೆ ಬ್ಲಾಕ್ ಮತ್ತು ಕ್ಲಸ್ಟರ್ ಕೇಂದ್ರಗಳು ಬಂದವು. ಸರ್ವ ಶಿಕ್ಷಾ ಅಭಿಯಾನದಲ್ಲಿ ವರ್ಷಕ್ಕೆ 20 ದಿನಗಳ ತರಬೇತಿಯ ಲೆಕ್ಕವಿತ್ತು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಆಕಾಶಕ್ಕೆ ಹಾರಿತು, ಚಾಮರಾಜನಗರದ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. 2017ರಲ್ಲಿ ದೀಕ್ಷಾ, 2019ರಲ್ಲಿ ನಿಷ್ಠಾ ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿಯಲ್ಲಿ ಭಾಗವಹಿಸಬೇಕು ಎಂದಿತು. ದಿನಗಳು ಗಂಟೆಗಳಾದವು, ಸಭಾಂಗಣ ಮೊಬೈಲ್ ಆಯಿತು, ಹಾಜರಿ ಸಹಿ ಹೋಗಿ ಪ್ರಮಾಣಪತ್ರದ ಪಿಡಿಎಫ್ ಬಂತು. ಶಿಕ್ಷಕಿ ಸಾರು ಕುದಿಸುತ್ತಾ ಪಕ್ಕದಲ್ಲಿ ವೀಡಿಯೋ ಓಡಲು ಬಿಡುತ್ತಾರೆ. ಕೊನೆಯಲ್ಲಿ ಪ್ರಶ್ನೆಗಳಿಗೆ ಗುಂಪಿನಲ್ಲಿ ಬಂದ ಉತ್ತರ ಒತ್ತುತ್ತಾರೆ. ನಾವು ಅವರನ್ನು ದೂರುವುದಿಲ್ಲ. ಆ ವೀಡಿಯೋದಲ್ಲಿ ಅವರ ತರಗತಿ ಇಲ್ಲ, ಅವರ ಮಕ್ಕಳಿಲ್ಲ, ‘ಗೋಡೆ ಬಿದ್ದಳು’ ಇಲ್ಲ.

ಈ ತರಬೇತಿಗಳ ಮೂಲ ರೋಗ ಅವುಗಳ ದಾರಿಯಲ್ಲಿದೆ. ರಾಜ್ಯಮಟ್ಟದಲ್ಲಿ ಕೆಲವರಿಗೆ ಹೇಳುತ್ತಾರೆ, ಅವರು ಜಿಲ್ಲೆಗೆ ಬಂದು ಇನ್ನಷ್ಟು ಜನರಿಗೆ ಹೇಳುತ್ತಾರೆ, ಅವರು ತಾಲೂಕಿನಲ್ಲಿ ಎಲ್ಲರಿಗೂ ಹೇಳುತ್ತಾರೆ. ಮೇಲಿನಿಂದ ಬಿಟ್ಟ ನೀರು ಮೂರು ಕಾಲುವೆ ದಾಟಿ ಕೊನೆಯ ಗದ್ದೆಗೆ ಬರುವಷ್ಟರಲ್ಲಿ ತೇವ ಮಾತ್ರ ಉಳಿದಿರುತ್ತದೆ. ಚಟುವಟಿಕೆಯಿಂದ ಕಲಿಸಿ ಎಂದು ಐದು ದಿನ ಭಾಷಣದಿಂದ ಕಲಿಸುತ್ತಾರೆ! ಶಿಕ್ಷಕಿಗೆ ಒಂದು ವಿಧಾನದ ಬಗ್ಗೆ ಹೇಳಿದರೆ ಸಾಲದು, ಮಾಡಿ ತೋರಿಸಬೇಕು, ಅವರಿಂದ ಮಾಡಿಸಬೇಕು, ಮಾಡಿದ್ದನ್ನು ನೋಡಿ ತಿದ್ದಬೇಕು, ಆಮೇಲೂ ತರಗತಿಗೆ ಹೋಗಿ ಪಕ್ಕದಲ್ಲಿ ನಿಲ್ಲಬೇಕು. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಲ್ಲೇ ಇದನ್ನು ಬರೆದರು. ಬರೆಯುವುದಕ್ಕೂ ಮೊದಲೇ ನಮ್ಮ ದರ್ಜಿಗಳಿಗೆ, ಬೀಡಿ ಕಟ್ಟುವ ತಾಯಂದಿರಿಗೆ, ಗ್ಯಾರೇಜಿನ ಉಸ್ತಾದರಿಗೆ ಇದು ಗೊತ್ತಿತ್ತು. ಯಾವ ಉಸ್ತಾದನೂ ಹುಡುಗನಿಗೆ ಇಂಜಿನ್ ಬಗ್ಗೆ ಐದು ದಿನ ಭಾಷಣ ಕೊಟ್ಟು ಪ್ರಮಾಣಪತ್ರ ಕೊಡುವುದಿಲ್ಲ. ಪಾನಾ ಕೈಗೆ ಕೊಡುತ್ತಾನೆ, ಪಕ್ಕದಲ್ಲಿ ನಿಲ್ಲುತ್ತಾನೆ.

ಇನ್ನು ಆ ಹುಡುಗನ ವಾಕ್ಯಕ್ಕೆ ಬರೋಣ. ಉರ್ದುವಿನಲ್ಲಿ ನಪುಂಸಕ ಲಿಂಗವಿಲ್ಲ. ಪ್ರತಿಯೊಂದು ವಸ್ತುವೂ ಗಂಡು ಇಲ್ಲವೇ ಹೆಣ್ಣು. ದರವಾಜಾ ಗಂಡು, ದೀವಾರ್ ಹೆಣ್ಣು. ಹುಡುಗ ತಪ್ಪು ಮಾಡಲಿಲ್ಲ. ತನಗೆ ಗೊತ್ತಿರುವ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ. ಕೆಂಪು ಶಾಯಿಯಿಂದ ಹತ್ತು ಸಲ ತಿದ್ದಿದರೂ ಅವನು ಬದಲಾಗಲಿಲ್ಲ, ಏಕೆಂದರೆ ತಿದ್ದಿದವರು ಅವನ ನಿಯಮವನ್ನು ಮುಟ್ಟಲಿಲ್ಲ, ಅವನ ಅಕ್ಷರವನ್ನು ಮುಟ್ಟಿದರು. ‘ನಿನ್ನ ಮನೆಯ ಭಾಷೆಯಲ್ಲಿ ಎರಡು ಮನೆಗಳಿವೆ, ಕನ್ನಡದಲ್ಲಿ ಮೂರನೆಯದೊಂದು ಇದೆ. ಗೋಡೆ, ಬಾಗಿಲು, ಮಳೆ, ಪುಸ್ತಕ ಎಲ್ಲ ಆ ಮೂರನೆಯ ಮನೆಯಲ್ಲಿ ಇರುತ್ತವೆ’ ಎಂದು ಹೇಳಿ, ವಸ್ತುಗಳನ್ನು ಕೈಯಲ್ಲಿ ಹಿಡಿದು ‘ಏನು ಬಿತ್ತು, ಯಾರು ಬಿದ್ದರು’ ಎಂದು ನಾಲ್ಕು ದಿನ ಆಟವಾಡಿಸಿದ್ದರೆ ಗೋಡೆ ತಾನಾಗಿ ‘ಬಿತ್ತು’.

ಇಂಥ ಸಂಗತಿಗಳು ಹತ್ತಾರಿವೆ. ಉರ್ದುವಿನಲ್ಲಿ ಳಕಾರವಿಲ್ಲ, ಹಾಗಾಗಿ ‘ನಮ್ಮ ಹಳ್ಳಿ’ ಎನ್ನಲು ಹೋದ ಮಗು ‘ನಮ್ಮ ಹಲ್ಲಿ’ ಎನ್ನುತ್ತದೆ, ತರಗತಿ ನಗುತ್ತದೆ. ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘದ ಭೇದ ಉರ್ದುವಿನಲ್ಲಿ ಅರ್ಥ ಬದಲಿಸುವುದಿಲ್ಲ. ಕೆರೆಗೂ ಕೇರೆಗೂ ಇರುವ ಅಂತರ ಆ ಕಿವಿಗೆ ಹೊಸದು. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವನೇ ಊಹಿಸಿಕೊಳ್ಳಬೇಕು. ಅದೂ ಬಲದಿಂದ ಎಡಕ್ಕೆ. ಅಲ್ಲಿಂದ ಬಂದ ಮಗುವಿಗೆ ಕಾಗುಣಿತದ ಒಂದೊಂದು ಕೊಂಬು ಗುಡಿಸು ಏಕೆ ಅಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕು. ಇದನ್ನು ಸೋಮಾರಿತನ ಎಂದು ಕರೆದು ಬೆತ್ತ ಎತ್ತಿದವರನ್ನು ನಾವು ಕಂಡಿದ್ದೇವೆ, ಆ ಬೆತ್ತದ ರುಚಿಯೂ ನಮಗೆ ಗೊತ್ತು.

ಅದೇ ಮಗುವಿನ ಬಳಿ ಬಂಡವಾಳವೂ ಇದೆ. ಕನ್ನಡದ ಮಕ್ಕಳು ತಡವರಿಸುವ ಮಹಾಪ್ರಾಣಗಳನ್ನು ಅದು ಸಲೀಸಾಗಿ ಉಚ್ಚರಿಸುತ್ತದೆ, ಏಕೆಂದರೆ ಖ, ಘ, ಧ, ಭ ಅದರ ಮನೆಯಲ್ಲೇ ಇವೆ. ಅರ್ಜಿ, ಕಚೇರಿ, ಜಮೀನು, ಜಿಲ್ಲೆ, ಕಾನೂನು, ತಾರೀಖು, ಖರ್ಚು, ಬಾಕಿ, ಕುರ್ಚಿ, ಮೇಜು, ಹಾಜರಿ ಹೀಗೆ ನೂರಾರು ಪದಗಳು ಅದಕ್ಕೆ ಆಗಲೇ ಗೊತ್ತು. ಮನೆಯಲ್ಲಿ ಅದು ಆಡುವುದು ಪುಸ್ತಕದ ಉರ್ದುವನ್ನೂ ಅಲ್ಲ, ದಖನಿಯನ್ನು. ದಖನಿ ಶತಮಾನಗಳ ಕಾಲ ಕನ್ನಡ, ತೆಲುಗು, ಮರಾಠಿಗಳ ಅಂಗಳದಲ್ಲಿ ಆಡಿ ಬೆಳೆದ ಭಾಷೆ. ಕನ್ನಡದವರು ‘ನಾಳೆ ಬರ್ತೀನಿ ಅಂತ ಹೇಳ್ದ’ ಎನ್ನುವ ಕಡೆ ದಖನಿಯವರು ‘ಕಲ್ ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ಪದ ಬೇರೆ, ಎಲುಬು ಒಂದೇ. ಕನ್ನಡದಲ್ಲಿ ‘ಕಾಪಿಗೀಪಿ’, ದಖನಿಯಲ್ಲಿ ‘ರೋಟಿಗೀಟಿ’. ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುವುದು ಎರಡರಲ್ಲೂ ಒಂದೇ. ಅಂದರೆ ಈ ಮಗು ಕನ್ನಡದ ಹೊಸ್ತಿಲವರೆಗೆ ಆಗಲೇ ಬಂದು ನಿಂತಿದೆ. ಒಳಗೆ ಕರೆಯುವ ಬದಲು ಉರ್ದು ಮಾಸ್ತರರು ‘ಸರಿಯಾದ ಉರ್ದು ಮಾತಾಡು’ ಎಂದು ಗದರಿಸುತ್ತಾರೆ, ಕನ್ನಡ ಮಾಸ್ತರರು ‘ಸರಿಯಾದ ಕನ್ನಡ ಮಾತಾಡು’ ಎಂದು ಗದರಿಸುತ್ತಾರೆ. ಮಗು ಎರಡೂ ತರಗತಿಗಳಲ್ಲಿ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗು ಯಾವ ಭಾಷೆಯನ್ನೂ ಕಲಿಯಲಾರದು.

ಮಗುವಿನ ಮನೆಮಾತು ಅಡ್ಡಿಯಲ್ಲ, ಸಂಪತ್ತು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯ ಬಗ್ಗೆ ಹೇಳಿತು. ಎರಡು ದಶಕಗಳು ಕಳೆದವು. ನಾವು ಕಂಡ ಕನ್ನಡ ತರಬೇತಿ ಕೈಪಿಡಿಗಳಲ್ಲಿ ದಖನಿ ಎಂಬ ಪದವೇ ಇರಲಿಲ್ಲ.

ಇಷ್ಟು ಹೇಳಿ ಸರ್ಕಾರದ ಮೇಲೆ ಎಲ್ಲ ಭಾರ ಹಾಕಿ ಕೈತೊಳೆದುಕೊಂಡರೆ ಅದು ಅಪ್ರಾಮಾಣಿಕತೆ. ನಮ್ಮ ಸಮುದಾಯದ ಮುಂದಾಳುಗಳನ್ನೂ ಕೇಳಬೇಕಾಗಿದೆ. ಉರ್ದು ನಶಿಸುತ್ತಿದೆ ಎಂದು ಮುಶಾಯಿರಾಗಳಲ್ಲಿ ಕಣ್ಣೀರು ಹಾಕುವವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ? ಇಂಗ್ಲಿಷ್ ಕಾನ್ವೆಂಟಿನಲ್ಲಿ. ಉರ್ದು ಶಾಲೆಯಲ್ಲಿ ಉಳಿದಿರುವುದು ಗಾಡಿ ತಳ್ಳುವವರ, ಬೀಡಿ ಕಟ್ಟುವವರ, ಹಮಾಲರ ಮಕ್ಕಳು. ನಾವು ಶಾಲೆಗೆ ಕಾಂಪೌಂಡು ಕಟ್ಟಿಸಿಕೊಟ್ಟಿದ್ದೇವೆ, ಗೇಟಿನ ಮೇಲೆ ದಾನಿಗಳ ಹೆಸರು ಕೆತ್ತಿಸಿದ್ದೇವೆ. ಒಬ್ಬ ಶಿಕ್ಷಕಿಯನ್ನು ಒಂದು ವಾರ ಒಳ್ಳೆಯ ಕಡೆಗೆ ಕಲಿಯಲು ಕಳಿಸಲು ಎಷ್ಟು ಜನ ದಾನ ಕೊಟ್ಟಿದ್ದೇವೆ? ಕನ್ನಡ ಕಲಿತರೆ ಉರ್ದು ಹೋಗುತ್ತದೆ ಎಂದು ಹೆದರಿಸುವವರು ನಮ್ಮಲ್ಲೇ ಇದ್ದಾರೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು ಕಲಿತ ಮಗುವಿಗೆ ಇನ್ನೊಂದು ಭಾಷೆಯ ಓದು ಸುಲಭವಾಗುತ್ತದೆ ಎಂದು ಜಿಮ್ ಕಮಿನ್ಸ್‌ರಂಥ ವಿದ್ವಾಂಸರು ನಾಲ್ಕು ದಶಕಗಳಿಂದ ಹೇಳುತ್ತಿದ್ದಾರೆ. ಉರ್ದು ಗಟ್ಟಿಯಾದರೆ ಕನ್ನಡಕ್ಕೆ ಬಲ ಬರುತ್ತದೆ, ಕನ್ನಡ ಬಂದರೆ ಉರ್ದುವಿಗೆ ಗೌರವ ಬರುತ್ತದೆ. ನಷ್ಟವಾಗುವುದು ಎರಡನ್ನೂ ಅರೆಬರೆ ಕಲಿಸಿದಾಗ.

‘ಉರ್ದು ಶಾಲೆಗಳನ್ನೇ ಮುಚ್ಚಿದರೆ ಸಮಸ್ಯೆ ಮುಗಿಯಿತಲ್ಲ’ ಎನ್ನುವವರಿದ್ದಾರೆ. ಮುಗಿಯುವುದಿಲ್ಲ. ಅದೇ ಮಗು ಅದೇ ಮನೆಮಾತಿನೊಂದಿಗೆ ಕನ್ನಡ ಶಾಲೆಯ ಕೊನೆಯ ಬೆಂಚಿನಲ್ಲಿ ಕೂರುತ್ತದೆ. ಅಲ್ಲಿನ ಶಿಕ್ಷಕಿಗೂ ಅದೇ ಪ್ರಶ್ನೆ ಎದುರಾಗುತ್ತದೆ. ಇದು ಉರ್ದುವಿನ ಮಗುವಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ಲಂಬಾಣಿ ತಾಂಡಾದ ಮಗು, ತುಳುವಿನ, ಬ್ಯಾರಿಯ, ಕೊಂಕಣಿಯ ಮಗು, ಗಡಿಯ ತೆಲುಗು ಮರಾಠಿ ಮಗು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಉತ್ತರದಿಂದ ಬಂದವರ ಮಗು ಎಲ್ಲರಿಗೂ ಕನ್ನಡ ಎರಡನೆಯ ಭಾಷೆಯೇ. ಕನ್ನಡವನ್ನು ಕನ್ನಡೇತರರಿಗೆ ಕಲಿಸುವ ವಿದ್ಯೆ ಬೆಳೆಯದಿದ್ದರೆ ಸೋಲುವುದು ಕನ್ನಡ.

‘ಮನಸ್ಸಿದ್ದರೆ ಸಾಕು, ನಮ್ಮ ಕಾಲದ ಮಾಸ್ತರರಿಗೆ ಯಾವ ತರಬೇತಿ ಇತ್ತು’ ಎಂಬ ಮಾತೂ ಇದೆ. ನಮಗೂ ಅಂಥ ಒಬ್ಬ ಮೇಷ್ಟ್ರು ಸಿಕ್ಕಿದ್ದರು. ಏಳನೆಯವರೆಗೆ ಉರ್ದುವಿನಲ್ಲಿ ಓದಿ ಎಂಟಕ್ಕೆ ಕನ್ನಡ ಶಾಲೆ ಸೇರಿದ ನಮಗೆ ಪ್ರತಿ ಸೋಮವಾರ ‘ನಿನ್ನೆ ಸಂತೆಯಲ್ಲಿ ಏನಾಯಿತು ಹೇಳು’ ಎನ್ನುತ್ತಿದ್ದರು. ನಾವು ಅರ್ಧ ಕನ್ನಡ ಅರ್ಧ ದಖನಿಯಲ್ಲಿ ಹೇಳುತ್ತಿದ್ದೆವು. ಅವರು ನಗುತ್ತಿರಲಿಲ್ಲ, ಪೂರ್ತಿ ಕೇಳಿಸಿಕೊಂಡು ಅದನ್ನೇ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದು ನಮ್ಮಿಂದ ಓದಿಸುತ್ತಿದ್ದರು. ನಾವು ಬರೆದ ಮೊದಲ ಕಥೆಯ ಮೂಲ ಆ ಬೋರ್ಡಿನಲ್ಲಿದೆ. ಆದರೆ ಅವರು ನಿವೃತ್ತರಾದಾಗ ಆ ವಿದ್ಯೆ ಅವರೊಂದಿಗೆ ಮನೆಗೆ ಹೋಯಿತು. ಪಕ್ಕದ ಕೋಣೆಯ ಶಿಕ್ಷಕರಿಗೂ ಅದು ದಾಟಲಿಲ್ಲ. ವಿದ್ಯೆ ದಾಟುವ ವ್ಯವಸ್ಥೆಗೇ ತರಬೇತಿ ಎನ್ನುವುದು.

ಅದಕ್ಕೆ ದಾರಿಗಳಿವೆ. ಜಪಾನಿನಲ್ಲಿ ಕೆಲವು ಶಿಕ್ಷಕರು ಕೂಡಿ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಅದನ್ನು ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಹಿಂದೆ ಕುಳಿತು ಮಕ್ಕಳನ್ನು ಗಮನಿಸುತ್ತಾರೆ. ಎಲ್ಲಿ ಮಗು ಎಡವಿತು ಎಂದು ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ನಮ್ಮಲ್ಲೂ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿವೆ. ಅಲ್ಲಿ ಮಾಹಿತಿ ನಮೂನೆ ತುಂಬುವ ಬದಲು ಒಂದು ಪಾಠ ನೋಡಬಾರದೇ? ಪ್ರಭು ಅವರು 1990ರಲ್ಲಿ ಬರೆದ ಒಂದು ಲೇಖನದಲ್ಲಿ ಎಲ್ಲರಿಗೂ ಹೊಂದುವ ಶ್ರೇಷ್ಠ ವಿಧಾನ ಎಂಬುದಿಲ್ಲ, ತಾನು ಕಲಿಸುತ್ತಿರುವುದು ಮಗುವಿನಲ್ಲಿ ಹೇಗೆ ಕಲಿಕೆಯಾಗುತ್ತಿದೆ ಎಂಬ ಶಿಕ್ಷಕನ ಸ್ವಂತ ತಿಳಿವಳಿಕೆ ಜೀವಂತವಾಗಿರಬೇಕು ಎಂದು ವಾದಿಸಿದರು. ಮೇಲಿನಿಂದ ವಿಧಾನ ಇಳಿಸುವವರು ಇದನ್ನು ಒಮ್ಮೆ ಓದಬೇಕು.

ನಾವು ಕೇಳುವುದು ದೊಡ್ಡದಲ್ಲ. ಉರ್ದು ಶಾಲೆಯ ಕನ್ನಡ ಶಿಕ್ಷಕರಿಗೆ ಎರಡನೆಯ ಭಾಷಾ ಬೋಧನೆಯ ಪ್ರತ್ಯೇಕ ತರಬೇತಿ ಬೇಕು. ಅವರಿಗೆ ದಖನಿಯ ಹತ್ತಾರು ಸಂಗತಿಗಳನ್ನಾದರೂ ಪರಿಚಯಿಸಬೇಕು. ಮೈಸೂರಿನ ಸಂಸ್ಥೆಯ ಅನುಭವ ಡಯಟ್‌ಗಳಿಗೆ ಬರಬೇಕು. ವರ್ಷದ 50 ಗಂಟೆಗಳಲ್ಲಿ ಅರ್ಧದಷ್ಟಾದರೂ ಮಕ್ಕಳಿರುವ ತರಗತಿಯಲ್ಲೇ ನಡೆಯಬೇಕು. ತರಬೇತಿಯ ಯಶಸ್ಸನ್ನು ಎಷ್ಟು ಶಿಕ್ಷಕರು ಹಾಜರಿದ್ದರು ಎಂದು ಅಳೆಯುವುದನ್ನು ಬಿಟ್ಟು ಎಷ್ಟು ಮಕ್ಕಳು ಬಾಯಿ ತೆರೆದರು ಎಂದು ಅಳೆಯಬೇಕು. ನಮ್ಮ ಜಮಾಅತ್‌ಗಳು, ಅಂಜುಮನ್‌ಗಳು ವರ್ಷಕ್ಕೊಂದು ಕಾಂಪೌಂಡು ಕಡಿಮೆ ಕಟ್ಟಿಸಿ ಒಬ್ಬ ಶಿಕ್ಷಕಿಯ ಕಲಿಕೆಗೆ ಹಣ ಕೊಡಲಿ.

ಇನ್ನು ನಮ್ಮಂಥ ಬರಹಗಾರರು. ಮುಂದೆ ಯಾರಾದರೂ ಸಂಪನ್ಮೂಲ ವ್ಯಕ್ತಿ ಎಂದು ಕರೆದರೆ ಭಾಷಣ ಮಾಡುವುದಿಲ್ಲ ಎಂದು ನಾವು ನಿರ್ಧರಿಸಿದ್ದೇವೆ. ಒಂದು ದಿನ ಮೊದಲೇ ಹೋಗಿ ಆ ಶಿಕ್ಷಕಿಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತೇವೆ. ಗೋಡೆ ‘ಬಿದ್ದಳು’ ಎಂದು ಮಗು ಹೇಳಿದರೆ ನಗುವುದಿಲ್ಲ.